ಸಣ್ಣ ಬೆಟ್ಟಿಗೆ ಯಾವ ಊರು? ಲಾಫ್ಲಿನ್, ವೇಗಸ್, ರೀನೋ ಮತ್ತು ಗಡಿಯ ಊರುಗಳು

ಅಮೆರಿಕದ ನೆವಾಡ ರಾಜ್ಯಕ್ಕೆ ಜೂಜಾಡಲು ಹೊರಟವರು ಮೊದಲು ನೋಡುವುದು ರೂಮಿನ ಬಾಡಿಗೆ. ವಾರದ ಮಧ್ಯೆ ಲಾಫ್ಲಿನ್‌ನಲ್ಲಿ ಇಷ್ಟು, ವೇಗಸ್ ಸ್ಟ್ರಿಪ್‌ನಲ್ಲಿ (ಲಾಸ್ ವೇಗಸ್‌ನ ದೊಡ್ಡ ಕ್ಯಾಸಿನೊ ಹೋಟೆಲ್‌ಗಳ ರಸ್ತೆ ಅದು) ಅದರ ಎರಡು ಮೂರು ಪಟ್ಟು, ಹಾಗಾದರೆ ಲಾಫ್ಲಿನ್ನೇ ಅಗ್ಗ ಅಂತ ಅಲ್ಲಿಗೇ ತೀರ್ಮಾನ. ಬರೀ ಮಲಗೆದ್ದು ಬರುವವರಿಗೆ ಆ ಲೆಕ್ಕ ಸರಿ. ದಿನಕ್ಕೆ ಆರೇಳು ಗಂಟೆ ಮೇಜಿನ ಮುಂದೆ ಕೂರುವವರಿಗೆ ರೂಮು ಖರ್ಚಿನ ಒಂದು ಭಾಗ ಅಷ್ಟೆ. ಇನ್ನೊಂದು ಭಾಗ ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಗಂಟೆಗೆ ಎಷ್ಟು ಸೋಲುತ್ತೀರಿ ಅನ್ನುವ ಭಾಗ ಅದು.

ಒಂದು ಕೈಗೆ, ಅಂದರೆ ಒಂದು ಸುತ್ತಿನ ಆಟಕ್ಕೆ, 5ರಿಂದ 15 ಡಾಲರ್ ಕಟ್ಟುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಫೀನಿಕ್ಸ್, ಲಾಸ್ ಏಂಜಲೀಸ್, ಬೇ ಏರಿಯಾ ಕಡೆಯ ನಮ್ಮ ಜನ, ಜೊತೆಗೆ ಗ್ರ್ಯಾಂಡ್ ಕ್ಯಾನಿಯನ್ ನೋಡಲು ಬೆಂಗಳೂರಿನಿಂದ ಬಂದು ಎರಡು ರಾತ್ರಿ ಎಲ್ಲಾದರೂ ಆಡಿ ಹೋಗೋಣ ಅನ್ನುವವರು. ಒಂದು ಕೈಗೆ 200 ಡಾಲರ್ ಕಟ್ಟುವವರಿಗೆ ಇದು ಬೇಕಾಗಿಲ್ಲ. ಅವರನ್ನು ವೇಗಸ್ಸೇ ರೂಮು ಕೊಟ್ಟು ಕರೆಸಿಕೊಳ್ಳುತ್ತದೆ.

ಗಂಟೆಯ ಲೆಕ್ಕ

ಲೆಕ್ಕ ಸುಲಭ. ಒಂದು ಬೆಟ್ ಎಷ್ಟು, ಗಂಟೆಗೆ ಎಷ್ಟು ಸಲ ಆಡುತ್ತೀರಿ, ಅದರಲ್ಲಿ ಕ್ಯಾಸಿನೊದ ಪಾಲು ಶೇಕಡಾ ಎಷ್ಟು, ಈ ಮೂರನ್ನೂ ಗುಣಿಸಿ.

ಬ್ಲ್ಯಾಕ್‌ಜಾಕ್ ತೆಗೆದುಕೊಳ್ಳಿ. ಎಲೆಗಳ ಮೊತ್ತ 21 ದಾಟದಂತೆ ಕ್ಯಾಸಿನೊದ ಡೀಲರನ್ನು ಮೀರಿಸುವ ಇಸ್ಪೀಟು ಆಟ ಅದು. 10 ಡಾಲರ್ ಮೇಜು, ಗಂಟೆಗೆ 70 ಕೈ ಅಂದುಕೊಳ್ಳೋಣ. ಯಾವ ಎಲೆಗೆ ಏನು ಮಾಡಬೇಕು ಅಂತ ಬರೆದ ಬೇಸಿಕ್ ಸ್ಟ್ರಾಟೆಜಿಯ ಚೀಟಿ ನೋಡಿಕೊಂಡು ಆಡುವವರಿಗೆ, ಬ್ಲ್ಯಾಕ್‌ಜಾಕ್ (ಮೊದಲ ಎರಡೇ ಎಲೆಗೆ 21) ಬಿದ್ದಾಗ 3ಕ್ಕೆ 2ರಂತೆ ಕೊಡುವ ಮೇಜಿನಲ್ಲಿ ಕ್ಯಾಸಿನೊದ ಪಾಲು ಸುಮಾರು ಶೇ. 0.5. ಗಂಟೆಗೆ ಮೂರೂವರೆ ಡಾಲರ್. ಅದೇ ಆಟ, ಅದೇ ಚೀಟಿ, ಆದರೆ ಮೇಜು 6ಕ್ಕೆ 5ರಂತೆ ಕೊಡುವುದಾದರೆ ಪಾಲು ಶೇ. 1.9ರ ಹತ್ತಿರ ಹೋಗುತ್ತದೆ, ಗಂಟೆಗೆ 13 ಡಾಲರ್. 10 ಡಾಲರ್ ಕಟ್ಟಿ ಬ್ಲ್ಯಾಕ್‌ಜಾಕ್ ಬಿದ್ದರೆ ಒಂದು ಮೇಜು 15 ಕೊಡುತ್ತದೆ, ಇನ್ನೊಂದು 12. ನೋಡಲು ಮೂರು ಡಾಲರಿನ ವ್ಯತ್ಯಾಸ. ಆರು ಗಂಟೆ ಕೂತರೆ ಅದೇ ವ್ಯತ್ಯಾಸ 57 ಡಾಲರ್ ಆಗಿರುತ್ತದೆ. ಅಗ್ಗದ ಊರಿಗೆ ಹೋಗಿ ರೂಮಿನಲ್ಲಿ ಉಳಿಸಿದ್ದು ಅಲ್ಲಿಗೆ ಸರಿಹೋಯಿತು.

ರೂಲೆಟ್‌ನಲ್ಲಿ (ಅಂಕಿಗಳ ಚಕ್ರದಲ್ಲಿ ಚೆಂಡು ಎಲ್ಲಿ ನಿಲ್ಲುತ್ತದೆ ಅನ್ನುವ ಆಟ) ಸೊನ್ನೆ ಎಣಿಸಿ. ಒಂದು ಸೊನ್ನೆಯ ಚಕ್ರದಲ್ಲಿ ಕ್ಯಾಸಿನೊದ ಪಾಲು ಶೇ. 2.70, ಎರಡು ಸೊನ್ನೆಯಲ್ಲಿ 5.26, ಮೂರು ಸೊನ್ನೆಯಲ್ಲಿ 7.69. ಗಂಟೆಗೆ 40 ಸಲ 10 ಡಾಲರ್ ಇಟ್ಟರೆ ಕ್ರಮವಾಗಿ ಸುಮಾರು 11, 21, 31 ಡಾಲರ್. ಕ್ರ್ಯಾಪ್ಸ್‌ನ (ದಾಳದ ಆಟ) ಮೂಲ ಬೆಟ್ಟಾದ ಪಾಸ್ ಲೈನ್ ಶೇ. 1.41, ಅದರ ಹಿಂದೆ ಇಡುವ ಆಡ್ಸ್ ಬೆಟ್‌ನಲ್ಲಿ ಕ್ಯಾಸಿನೊಗೆ ಏನೂ ಇಲ್ಲ. ಅದೇ ಮೇಜಿನ ನಡುವೆ ಬರೆದಿರುವ 'ಎನಿ ಸೆವೆನ್' ಶೇ. 16.67. ಅಂದರೆ ಒಂದೇ ಮೇಜಿನಲ್ಲಿ ಅತ್ಯುತ್ತಮ ಬೆಟ್ಟೂ ಇದೆ, ಹಗಲುದರೋಡೆಯೂ ಇದೆ.

ಎಲ್ಲರೂ ಎಡವುವುದು ಒಂದು ಸೆಂಟಿನ ಸ್ಲಾಟ್‌ನಲ್ಲಿ. ಹೆಸರಿಗೆ ಒಂದು ಸೆಂಟು, ಒಂದು ಸಲ ಗುಂಡಿ ಒತ್ತಿದರೆ ಹೋಗುವುದು 50 ಸೆಂಟೋ 80 ಸೆಂಟೋ. ಗಂಟೆಗೆ 600 ಸಲ ಒತ್ತುವುದು ಕಷ್ಟವಲ್ಲ, ಬೆರಳು ತಾನಾಗೇ ಒತ್ತುತ್ತಿರುತ್ತದೆ. 50 ಸೆಂಟಿನಂತೆ 300 ಡಾಲರ್ ತಿರುಗಿತು, ಅದರಲ್ಲಿ ಶೇ. 10 ಹಿಡಿದರೂ 30 ಡಾಲರ್. '10 ಡಾಲರ್ ಬ್ಲ್ಯಾಕ್‌ಜಾಕ್ ನಮಗೆ ಜಾಸ್ತಿಯಾಯಿತು, ಪೆನ್ನಿ ಮೆಷಿನ್ ಸಾಕು' ಅಂದುಕೊಂಡು ಆ ಕಡೆ ಹೋಗುವವರು ಎಂಟು ಪಟ್ಟು ಹೆಚ್ಚು ಕೊಡುತ್ತಿರುತ್ತಾರೆ. ಇದರಲ್ಲಿ ಮುಚ್ಚುಮರೆ ಏನಿಲ್ಲ. ನೆವಾಡ ಗೇಮಿಂಗ್ ಕಂಟ್ರೋಲ್ ಬೋರ್ಡ್ ಪ್ರತಿ ತಿಂಗಳು ಊರುವಾರು ವರದಿ ಹಾಕುತ್ತದೆ. ಸ್ಟ್ರಿಪ್, ಲಾಫ್ಲಿನ್, ರೀನೋ, ವೆಂಡೋವರ್, ಮೆಸ್ಕೀಟ್ ಎಲ್ಲಕ್ಕೂ ಬೇರೆ ಬೇರೆ ಅಂಕಿ ಇರುತ್ತದೆ. ಒಂದು ಸೆಂಟಿನ ಮೆಷಿನ್ ತನ್ನಲ್ಲಿ ಉಳಿಸಿಕೊಳ್ಳುವ ಪಾಲು ಡಾಲರ್ ಮೆಷಿನ್ನಿಗಿಂತ ಹೆಚ್ಚು ಅನ್ನುವುದು ಆ ವರದಿಗಳಲ್ಲಿ ಸದಾ ಕಾಣುವ ಮಾತು.

ಒಂದು ಎಚ್ಚರಿಕೆ. ಮೂರೂವರೆ ಡಾಲರ್ ಅನ್ನುವುದು ಸರಾಸರಿ. 10 ಡಾಲರ್ ಮೇಜಿನಲ್ಲಿ ಒಂದು ಗಂಟೆಗೆ 100 ಡಾಲರ್ ಮೇಲೋ ಕೆಳಗೋ ಆಗುವುದು ಮಾಮೂಲು. ಸರಾಸರಿ ನಂಬಿ 50 ಡಾಲರ್ ಇಟ್ಟುಕೊಂಡು ಕೂತರೆ ಕಾಲು ಗಂಟೆಗೇ ಎದ್ದು ಬರಬೇಕಾದೀತು. ಒಂದು ಸಲ ಕೂರುವುದಕ್ಕೆ ಬೆಟ್ಟಿನ 25 ಪಟ್ಟಾದರೂ ಕೈಯಲ್ಲಿರಲಿ. ಇಲ್ಲದಿದ್ದರೆ ಇನ್ನೂ ಚಿಕ್ಕ ಮಿನಿಮಮ್ (ಮೇಜಿನ ಕನಿಷ್ಠ ಬೆಟ್) ಇರುವ ಊರಿಗೆ ಹೋಗಿ. ಊರು ಆರಿಸುವ ಪ್ರಶ್ನೆ ಶುರುವಾಗುವುದೇ ಇಲ್ಲಿಂದ.

ಲಾಫ್ಲಿನ್: ನದಿ ದಂಡೆಯ ನಿಧಾನದ ಊರು

ನೆವಾಡದ ದಕ್ಷಿಣದ ತುದಿ, ಕೊಲರಾಡೊ ನದಿಯ ಪಶ್ಚಿಮ ದಡ. ಆಚೆ ದಡದಲ್ಲಿ ಅರಿಜೋನಾದ ಬುಲ್‌ಹೆಡ್ ಸಿಟಿ. ವೇಗಸ್‌ನಿಂದ ಸುಮಾರು 150 ಕಿಲೋಮೀಟರ್. ಮಿನ್ನೆಸೋಟದ ಡಾನ್ ಲಾಫ್ಲಿನ್ ಅನ್ನುವವರು 1964ರಲ್ಲಿ ಇಲ್ಲಿ ಪಾಪರ್ ಆಗಿ ಮುಚ್ಚಿದ್ದ ಎಂಟು ಕೋಣೆಯ ಮೋಟೆಲ್ ಒಂದನ್ನು ಕೊಂಡರು. ನಾಲ್ಕು ಕೋಣೆಯಲ್ಲಿ ಸಂಸಾರ, ಉಳಿದ ನಾಲ್ಕು ಬಾಡಿಗೆಗೆ. 12 ಸ್ಲಾಟ್ ಮೆಷಿನ್, ಎರಡು ಮೇಜು, 98 ಸೆಂಟಿಗೆ ಹೊಟ್ಟೆ ತುಂಬ ಕೋಳಿ ಊಟ. ಅದೇ ಇವತ್ತಿನ ರಿವರ್‌ಸೈಡ್ ರೆಸಾರ್ಟ್. ಊರಿಗೆ ಅಂಚೆ ಕಚೇರಿ ಬಂದಾಗ ಅಂಚೆಯವರು ಇವರ ಹೆಸರನ್ನೇ ಇಟ್ಟರು. ಗಿರಾಕಿಗಳು ಆಚೆ ದಡದಿಂದ ಬರಬೇಕಲ್ಲ, ಅದಕ್ಕೆ 1987ರಲ್ಲಿ ತಮ್ಮದೇ 35 ಲಕ್ಷ ಡಾಲರ್ ಹಾಕಿ ಸೇತುವೆ ಕಟ್ಟಿಸಿ ಎರಡು ರಾಜ್ಯಗಳಿಗೂ ದಾನ ಕೊಟ್ಟರು. 2023ರಲ್ಲಿ, 92ನೇ ವಯಸ್ಸಿಗೆ ತೀರಿಕೊಂಡರು. 2024ರಲ್ಲಿ ಎರಡನೇ ಸೇತುವೆಯೂ ಬಂತು. ಈ ಕಥೆ ಹೇಳಿದ್ದಕ್ಕೆ ಕಾರಣ ಇದೆ. ಊಟ ಅಗ್ಗ, ರೂಮು ಅಗ್ಗ, ಬಂದವನು ಹೆಚ್ಚು ಹೊತ್ತು ಕೂರಲಿ ಅನ್ನುವ ಆ ಶುರುವಿನ ವ್ಯಾಪಾರಬುದ್ಧಿಯೇ ಊರಿನ ಸ್ವಭಾವವಾಗಿ ಉಳಿದಿದೆ.

ಇಲ್ಲಿ ಕಾಯಂ ಇರುವವರು ಎಂಟೂವರೆ ಸಾವಿರ ಜನರ ಆಸುಪಾಸು. ಕ್ಯಾಸಿನೊಗಳು ಹೆಚ್ಚಿನವು ಒಂದೇ ರಸ್ತೆಯಲ್ಲಿ, ಕ್ಯಾಸಿನೊ ಡ್ರೈವ್‌ನಲ್ಲಿ, ನದಿಗೆ ಬೆನ್ನು ಕೊಟ್ಟು ನಿಂತಿವೆ. ರಿವರ್‌ಸೈಡ್, ಸುಮಾರು 1,900 ಕೋಣೆಯ ಅಕ್ವೇರಿಯಸ್, ಎಡ್ಜ್‌ವಾಟರ್, ಗೋಲ್ಡನ್ ನಗೆಟ್ ಒಂದಾದ ಮೇಲೊಂದು ಸಿಗುತ್ತವೆ. ಟ್ರಾಪಿಕಾನಾ ಕ್ಯಾಸಿನೊ ಇರುವುದು ರಸ್ತೆಯ ಈಚೆ ಬದಿ, ಹ್ಯಾರಾಸ್ ಸ್ವಲ್ಪ ದೂರ, ದಕ್ಷಿಣಕ್ಕೆ. ನದಿಯ ಕಡೆ ನಡೆದಾಡಲು ಹಾದಿ ಇದೆ, ನೀರಿನ ಮೇಲೆ ಟ್ಯಾಕ್ಸಿ ದೋಣಿಗಳಿವೆ. ನಡುವೆ ಆವಿದೋಣಿಯ ಆಕಾರದಲ್ಲಿ ಕಟ್ಟಿದ ಕೊಲರಾಡೊ ಬೆಲ್ ಕಾಣುತ್ತದೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ಹಾಕಿದ ಬಾಗಿಲು ಆಮೇಲೆ ತೆಗೆಯಲಿಲ್ಲ.

ಜೂಜುಗಾರನಿಗೆ ಇದರಿಂದ ಆಗುವ ಅನುಕೂಲ ಏನು? ಮೊದಲನೆಯದು ಮಿನಿಮಮ್. ಸ್ಟ್ರಿಪ್‌ನಲ್ಲಿ 15, 25 ಡಾಲರ್ ಬೋರ್ಡು ನೋಡಿ ಹಿಂದೆ ಸರಿದವರಿಗೆ ಇಲ್ಲಿ ವಾರದ ದಿನಗಳಲ್ಲಿ ಅದಕ್ಕಿಂತ ಚಿಕ್ಕ ಮೇಜುಗಳು ಸಿಗುತ್ತವೆ. ಎರಡನೆಯದು ಸ್ಥಳ ಬದಲಾಯಿಸುವುದು. ಒಂದು ಕಡೆ ಮೇಜು ಸರಿಯಿಲ್ಲ ಅನ್ನಿಸಿದರೆ ಹತ್ತು ನಿಮಿಷದ ನಡಿಗೆಯಲ್ಲಿ ಇನ್ನೊಂದು ಕ್ಯಾಸಿನೊ, ಪಾರ್ಕಿಂಗ್ ದುಡ್ಡಿನ ಗೊಡವೆಯಿಲ್ಲ. ಮೂರನೆಯದು ಡೀಲರ್‌ಗಳ ತಾಳ್ಮೆ. ನಿವೃತ್ತರು, ಚಳಿಗಾಲಕ್ಕೆ ಉತ್ತರದ ರಾಜ್ಯಗಳಿಂದ ಆರ್‌ವಿ (ಒಳಗೇ ಮನೆಯಿರುವ) ಗಾಡಿಗಳಲ್ಲಿ ಬಂದು ಬೀಡುಬಿಡುವ ಅಜ್ಜ ಅಜ್ಜಿಯರು ಇಲ್ಲಿನ ಮುಖ್ಯ ಗಿರಾಕಿಗಳು. ಕಾರ್ಡ್ ಕೈಗೆ ಬಂದ ಮೇಲೆ ಚೀಟಿ ತೆಗೆದು ನೋಡಿ, ಯೋಚಿಸಿ, ಆಮೇಲೆ ಬೆರಳಾಡಿಸಿದರೂ ಯಾರೂ ಗೊಣಗುವುದಿಲ್ಲ. ನಿಧಾನ ಆಡಿದಷ್ಟೂ ಗಂಟೆಗೆ ಹೋಗುವ ದುಡ್ಡು ಕಮ್ಮಿ ಅನ್ನುವುದನ್ನು ಮರೆಯಬೇಡಿ. ಯುಗಾದಿಗೆ ಜಗಲಿ ಮೇಲೆ ಅಂದರ್-ಬಾಹರ್ ಆಡಿ ಬೆಳೆದವರಿಗೆ ಈ ಮಂದಗತಿ ಹಿಡಿಸೀತು, ಅಲ್ಲಿನ ಬೈಗುಳ ಮಾತ್ರ ಇಲ್ಲಿಲ್ಲ.

ಸರಿಯಿಲ್ಲದ್ದನ್ನೂ ಹೇಳಬೇಕು. ಮಿನಿಮಮ್ ಚಿಕ್ಕದಿದ್ದ ಮಾತ್ರಕ್ಕೆ ನಿಯಮ ಒಳ್ಳೆಯದಿರುತ್ತದೆ ಅಂತೇನಿಲ್ಲ. 6ಕ್ಕೆ 5ರ ಮೇಜು ಚಿಕ್ಕ ಊರುಗಳಿಗೂ ಬಂದಿದೆ, ಅದೂ ಅತಿ ಚಿಕ್ಕ ಮಿನಿಮಮ್‌ನ ಮೇಜುಗಳಲ್ಲೇ ಹೆಚ್ಚು. ಆಟಗಳ ವೈವಿಧ್ಯ ಕಡಿಮೆ. ಪೋಕರ್‌ಗಾಗಿಯೇ ಹೊರಟವರು ಇತ್ತ ಬರುವ ಮೊದಲು ಫೋನ್ ಮಾಡಿ ಕೇಳಲಿ. ಹಳೆಯ ಕಟ್ಟಡಗಳಲ್ಲಿ ಸಿಗರೇಟಿನ ವಾಸನೆ ಕಾರ್ಪೆಟ್ಟಿಗೇ ಹತ್ತಿಕೊಂಡಿದೆ. ನೆವಾಡದಲ್ಲಿ ಕ್ಯಾಸಿನೊ ಒಳಗೆ ಸೇದಬಹುದು. ಹೊಗೆಯೇ ಆಗದವರಿಗೆ ವೇಗಸ್‌ನಲ್ಲಿ ಪಾರ್ಕ್ ಎಂಜಿಎಂ ಇದೆ, ಪೂರ್ತಿ ಹೊಗೆಮುಕ್ತ. ಊಟದ ವಿಷಯದಲ್ಲಿ ಇಲ್ಲಿ ದೋಸೆ ಇಡ್ಲಿಯ ಆಸೆ ಬೇಡ. ಸಸ್ಯಾಹಾರಿಗಳು ಚಪಾತಿ, ಚಟ್ನಿಪುಡಿ, ಒಂದು ಡಬ್ಬಿ ಪುಳಿಯೋಗರೆ ಗೊಜ್ಜು ಕಟ್ಟಿಕೊಂಡು ಬಂದರೆ ನೆಮ್ಮದಿ. ಉಳಿದದ್ದಕ್ಕೆ ಸೇತುವೆ ದಾಟಿದರೆ ಬುಲ್‌ಹೆಡ್ ಸಿಟಿಯಲ್ಲಿ ದೊಡ್ಡ ಅಂಗಡಿಗಳಿವೆ.

ಬೇಸಿಗೆಯದು ಇನ್ನೊಂದು ಮಾತು. ನೆವಾಡ ರಾಜ್ಯದ ಇದುವರೆಗಿನ ಅತಿ ಹೆಚ್ಚು ತಾಪಮಾನ ದಾಖಲಾದದ್ದು ಇದೇ ಊರಿನಲ್ಲಿ, 1994ರ ಜೂನ್ 29ರಂದು, 125 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ 51 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ. ಜೂನ್‌ನಿಂದ ಆಗಸ್ಟ್‌ವರೆಗೆ ಕ್ಯಾಸಿನೊದಿಂದ ಕ್ಯಾಸಿನೊಗೆ ಹಗಲಲ್ಲಿ ನಡೆಯುವ ಮಾತೇ ಇಲ್ಲ. ನದಿ ಮಾತ್ರ ಆಗಲೂ ತಣ್ಣಗಿರುತ್ತದೆ, ಸ್ವಲ್ಪ ಮೇಲಿರುವ ಡೇವಿಸ್ ಅಣೆಕಟ್ಟಿನ ತಳದಿಂದ ಬಿಟ್ಟ ನೀರು ಅದು. ಬೇಸಿಗೆಯ ಶನಿವಾರ ಭಾನುವಾರ ಜೆಟ್‌ಸ್ಕೀ ಹುಡುಗರು ತುಂಬಿ ರೂಮಿನ ರೇಟೂ ಏರಿರುತ್ತದೆ. ಏಪ್ರಿಲ್‌ನಲ್ಲಿ ರಿವರ್ ರನ್ ಅಂತ ಮೋಟಾರ್‌ಸೈಕಲ್ ಜಾತ್ರೆ ನಡೆಯುವ ವಾರಾಂತ್ಯವಾದರೆ 'ಅಗ್ಗದ ಊರು' ಅನ್ನುವ ಮಾತನ್ನೇ ಮರೆತುಬಿಡಿ. ನನ್ನ ಮಟ್ಟಿಗೆ ನವೆಂಬರ್‌ನಿಂದ ಮಾರ್ಚ್, ಭಾನುವಾರ ಸಂಜೆಯಿಂದ ಗುರುವಾರ ಬೆಳಿಗ್ಗೆ, ನದಿ ಕಡೆಯ ರೂಮು. ಇದಿಷ್ಟು ಕೂಡಿಬಂದರೆ ಇದಕ್ಕಿಂತ ಒಳ್ಳೆಯ ಬೆಲೆ ನೆವಾಡದಲ್ಲಿ ಕಷ್ಟ.

ಮೆಷಿನ್ನಿನ ಮುಖ ಓದುವುದು

ಊರು ಯಾವುದಾದರೂ ಕೂರುವ ಮೊದಲು ಐದು ನಿಮಿಷ ಇದಕ್ಕೆ ಕೊಡಿ. ಸ್ಲಾಟ್ ಮೆಷಿನ್ ತನ್ನ ಒಳಗುಟ್ಟು ಹೇಳುವುದಿಲ್ಲ. ವಿಡಿಯೋ ಪೋಕರ್ (ಪರದೆಯ ಮೇಲೆ ಐದು ಎಲೆಯ ಪೋಕರ್ ಆಡುವ ಮೆಷಿನ್) ಹೇಳುತ್ತದೆ. ನೆವಾಡದ ನಿಯಮದ ಪ್ರಕಾರ ಅದರಲ್ಲಿ ಬರುವ ಕಾರ್ಡುಗಳು ನಿಜವಾದ 52 ಎಲೆಯ ಕಟ್ಟಿನಿಂದ ಬಂದಂತೆಯೇ ಇರಬೇಕು, ಹಾಗಾಗಿ ಪರದೆಯ ಮೇಲಿನ ಪಟ್ಟಿ ನೋಡಿದರೆ ಮೆಷಿನ್ ವಾಪಸ್ ಕೊಡುವುದು ಎಷ್ಟು ಅನ್ನುವುದು ಲೆಕ್ಕಕ್ಕೆ ಸಿಗುತ್ತದೆ.

'ಜಾಕ್ಸ್ ಆರ್ ಬೆಟರ್' ಅಂತ ಬರೆದಿರುವ ಮೆಷಿನ್ ಹುಡುಕಿ. ಪಟ್ಟಿಯಲ್ಲಿ ಒಂದು ನಾಣ್ಯದ ಕಾಲಮ್ಮಿಗೆ ಬನ್ನಿ. ರಾಯಲ್ ಫ್ಲಶ್ ಬಿಡಿ, ಅದು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ನೋಡಬೇಕಾದ್ದು ಎರಡು ಸಾಲು, ಫುಲ್ ಹೌಸ್ ಮತ್ತು ಫ್ಲಶ್. ಅಲ್ಲಿ 9 ಮತ್ತು 6 ಇದ್ದರೆ, ಸರಿಯಾಗಿ ಆಡಿದವರಿಗೆ ಮೆಷಿನ್ ಶೇ. 99.54 ವಾಪಸ್ ಕೊಡುತ್ತದೆ. 8 ಮತ್ತು 5 ಇದ್ದರೆ 97.30. 6 ಮತ್ತು 5 ಇದ್ದರೆ 95. 25 ಸೆಂಟಿನ ಕ್ವಾರ್ಟರ್ ಮೆಷಿನ್‌ನಲ್ಲಿ ಐದು ನಾಣ್ಯ, ಅಂದರೆ ಒಂದು ಕೈಗೆ ಒಂದೂಕಾಲು ಡಾಲರ್, ಗಂಟೆಗೆ 500 ಕೈ. ಮೊದಲನೆಯದರಲ್ಲಿ ಗಂಟೆಗೆ ಮೂರು ಡಾಲರ್ ಹೋಗುತ್ತದೆ, ಎರಡನೆಯದರಲ್ಲಿ 17, ಮೂರನೆಯದರಲ್ಲಿ 31. ಮೂರೂ ಒಂದೇ ಸಾಲಿನಲ್ಲಿ, ಅದೇ ಬಣ್ಣ, ಅದೇ ಸಂಗೀತದೊಂದಿಗೆ ನಿಂತಿರಬಹುದು. ಬಾರ್ ಕಟ್ಟೆಯಲ್ಲಿ ಹುದುಗಿಸಿದ ಮೆಷಿನ್ನುಗಳ ಪಟ್ಟಿ ಸಾಮಾನ್ಯವಾಗಿ ಇನ್ನೂ ಕಳಪೆ. ಪುಕ್ಕಟೆ ಬಿಯರ್ ಅಂತ ಅಲ್ಲಿ ಕೂರುವವರು ಬಿಯರಿನ ಬೆಲೆಯನ್ನು ಆ ಎರಡು ಸಾಲಿನಲ್ಲಿ ಕಟ್ಟುತ್ತಿರುತ್ತಾರೆ.

ಬ್ಲ್ಯಾಕ್‌ಜಾಕ್ ಮೇಜಿನಲ್ಲಿ ಹಸಿರು ಬಟ್ಟೆಯ ಮೇಲೆ, ಡೀಲರ್ ಮುಂದೆ ಅಡ್ಡಕ್ಕೆ ಬರೆದಿರುವುದನ್ನು ಓದಿ. 3ಕ್ಕೆ 2 ಇದೆಯೋ 6ಕ್ಕೆ 5 ಇದೆಯೋ ಅಲ್ಲೇ ಇರುತ್ತದೆ. ಕಾಣದಿದ್ದರೆ ಕೂರುವ ಮೊದಲು ಡೀಲರನ್ನೇ ಕೇಳಿ, ಬೇಸರ ಮಾಡಿಕೊಳ್ಳುವುದಿಲ್ಲ. ಕ್ಯಾಸಿನೊಗೆ ಕಾಲಿಟ್ಟ ತಕ್ಷಣ ಪ್ಲೇಯರ್ಸ್ ಕಾರ್ಡ್ (ಆಡಿದ್ದಕ್ಕೆ ಪಾಯಿಂಟ್ ಕೊಡುವ ಸದಸ್ಯರ ಕಾರ್ಡ್) ಮಾಡಿಸಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಗೋವಾದ ಮಾಂಡೋವಿ ಹಡಗುಗಳಿಗೆ ಹೋಗಿಬಂದವರು ಬಾಗಿಲಲ್ಲಿ ಪ್ಯಾಕೇಜ್ ದುಡ್ಡು ಕಟ್ಟಬೇಕೇನೋ ಅಂದುಕೊಂಡು ಪರ್ಸ್ ತೆಗೆಯುವುದುಂಟು. ನೆವಾಡದಲ್ಲಿ ಒಳಗೆ ಹೋಗಲು ಕಾಸಿಲ್ಲ. ಆಡುವಾಗ ತಂದುಕೊಡುವ ಡ್ರಿಂಕ್ಸಿಗೂ ಇಲ್ಲ, ತಂದುಕೊಟ್ಟವರಿಗೆ ಒಂದು ಡಾಲರ್ ಟಿಪ್ಸ್ ಅಷ್ಟೆ.

ವೇಗಸ್: ಸ್ಟ್ರಿಪ್ ಮತ್ತು ಸ್ಟ್ರಿಪ್‌ನ ಆಚೆ

ಲಾಫ್ಲಿನ್ನನ್ನು ಸ್ಟ್ರಿಪ್‌ಗೆ ಹೋಲಿಸಿ ಗೆಲ್ಲಿಸುವುದು ಸುಲಭ. ಸ್ಟ್ರಿಪ್‌ನಲ್ಲಿ ರೂಮಿನ ಮೇಲೆ ದಿನಕ್ಕೆ 40, 50 ಡಾಲರ್ ರೆಸಾರ್ಟ್ ಫೀ ಅನ್ನುವ ಕಡ್ಡಾಯ ಶುಲ್ಕ, 2016ರಿಂದೀಚೆಗೆ ದೊಡ್ಡ ಹೋಟೆಲ್‌ಗಳಲ್ಲಿ ಪಾರ್ಕಿಂಗ್‌ಗೂ ದುಡ್ಡು, ಮೂರು ಸೊನ್ನೆಯ ರೂಲೆಟ್ ಶುರುವಾದದ್ದೂ ಅಲ್ಲೇ. ಒಂದು ಸಮಾಧಾನ, 2025ರ ಮೇ ತಿಂಗಳಿಂದ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ನಿಯಮದಂತೆ ಹೋಟೆಲ್‌ನವರು ಕಡ್ಡಾಯ ಫೀ ಎಲ್ಲ ಸೇರಿಸಿದ ಬೆಲೆಯನ್ನೇ ಮೊದಲು ತೋರಿಸಬೇಕು. ಲಾಫ್ಲಿನ್‌ನಲ್ಲೂ ರೆಸಾರ್ಟ್ ಫೀ ಇದೆ, ಮೊತ್ತ ಚಿಕ್ಕದು. ಹಾಗಾಗಿ ಒಟ್ಟು ಬೆಲೆಗೆ ಒಟ್ಟು ಬೆಲೆಯನ್ನೇ ಹೋಲಿಸಿ.

ನಿಜವಾದ ಪೈಪೋಟಿ ಇರುವುದು ಸ್ಟ್ರಿಪ್ ಬಿಟ್ಟು ಸ್ಥಳೀಯರು ಹೋಗುವ ಕ್ಯಾಸಿನೊಗಳಲ್ಲಿ. ದಕ್ಷಿಣಕ್ಕೆ ಸೌತ್ ಪಾಯಿಂಟ್, ಸ್ಟ್ರಿಪ್‌ನ ಪಶ್ಚಿಮಕ್ಕೆ ಆರ್ಲೀನ್ಸ್, ಬೋಲ್ಡರ್ ಹೆದ್ದಾರಿಯ ಸ್ಯಾಮ್ಸ್ ಟೌನ್. ಪಾರ್ಕಿಂಗ್‌ನ ತಲೆನೋವಿಲ್ಲ, ಮಿನಿಮಮ್ ಸ್ಟ್ರಿಪ್‌ಗಿಂತ ಕಡಿಮೆ, ವಿಡಿಯೋ ಪೋಕರ್ ಪಟ್ಟಿಗಳು ಎಷ್ಟೋ ಸಲ ಲಾಫ್ಲಿನ್‌ಗಿಂತ ಚೆನ್ನ. ಕಾರಣ ಸರಳ. ಪ್ರವಾಸಿ ವರ್ಷಕ್ಕೊಮ್ಮೆ ಬಂದು ಸೋತು ಹೋಗುತ್ತಾನೆ, ಊರಿನವನು ವಾರಕ್ಕೆ ಮೂರು ಸಲ ಬರುತ್ತಾನೆ, ಪಟ್ಟಿ ಕೆಟ್ಟರೆ ಎದುರಿನ ಕ್ಯಾಸಿನೊಗೆ ಹೋಗುತ್ತಾನೆ. ಲಾಫ್ಲಿನ್‌ನಿಂದ ಬೇಜಾರಾದವನಿಗೆ ಹೋಗಲು 150 ಕಿಲೋಮೀಟರ್ ಇದೆ.

ಬರೀ ಆಟದ ಗುಣಮಟ್ಟವೇ ಮುಖ್ಯ ಅನ್ನುವವರಿಗೆ ನನ್ನ ಉತ್ತರ ಸೌತ್ ಪಾಯಿಂಟ್ ಅಥವಾ ಆರ್ಲೀನ್ಸ್, ಲಾಫ್ಲಿನ್ ಅಲ್ಲ. ಬೇಕಾದಾಗ ಸ್ಟ್ರಿಪ್‌ಗೆ ಹೋಗಿ ದೀಪ ನೋಡಿಕೊಂಡೂ ಬರಬಹುದು, ದಕ್ಷಿಣ ಭಾರತದ ಊಟವೂ ಸಿಗುತ್ತದೆ. ಆದರೆ ಕಾರು ಬೇಕೇಬೇಕು, ಮತ್ತು ವೇಗಸ್ ಅನ್ನುವುದು ಪಕ್ಕದಲ್ಲಿದ್ದರೆ ಸಾಕು, ಜೇಬು ಗೊತ್ತಿಲ್ಲದೆ ಸಡಿಲವಾಗುತ್ತದೆ. ಒಂದು ಶೋ, ಒಂದು ಬಫೆ, ಎರಡು ಸಲ ಊಬರ್. ಲಾಫ್ಲಿನ್‌ನಲ್ಲಿ ಖರ್ಚು ಮಾಡೋಣ ಅಂದರೂ ಅಷ್ಟು ದಾರಿಯಿಲ್ಲ.

ಫ್ರೀಮಾಂಟ್ ಸ್ಟ್ರೀಟ್ ಇರುವ ಹಳೆಯ ಡೌನ್‌ಟೌನ್ ಇವೆರಡರ ನಡುವಿನದು. ನಡೆದುಕೊಂಡೇ ಏಳೆಂಟು ಕ್ಯಾಸಿನೊ ಸುತ್ತಬಹುದು, ಗದ್ದಲ ಮಾತ್ರ ತಡೆದುಕೊಳ್ಳಬೇಕು.

ರೀನೋ

ಬೇ ಏರಿಯಾದವರು ಲಾಫ್ಲಿನ್ ಮರೆತುಬಿಡಿ. ಸ್ಯಾನ್ ಫ್ರಾನ್ಸಿಸ್ಕೊದಿಂದ ರೀನೋ ಸುಮಾರು 350 ಕಿಲೋಮೀಟರ್, ಎಮರಿವಿಲ್‌ನಲ್ಲಿ ಕ್ಯಾಲಿಫೋರ್ನಿಯಾ ಝೆಫರ್ ರೈಲು ಹತ್ತಿದರೆ ಡೌನ್‌ಟೌನ್ ನಡುವೆಯೇ ಇಳಿಸುತ್ತದೆ. ಎಲ್ಡೊರಾಡೊ, ಸಿಲ್ವರ್ ಲೆಗಸಿ, ಸರ್ಕಸ್ ಸರ್ಕಸ್ ಮೂರೂ ಒಳಗೊಳಗೇ ಸೇರಿಕೊಂಡಿವೆ, ಚಳಿಯಲ್ಲಿ ಹೊರಗೆ ಕಾಲಿಡದೆ ಮೂರು ಕಡೆ ಆಡಬಹುದು. ಆಟಕ್ಕೆ ಪೆಪ್ಪರ್‌ಮಿಲ್, ಅಟ್ಲಾಂಟಿಸ್ ಕಡೆ ಹೋಗುವವರೇ ಹೆಚ್ಚು. ರೂಮಿನ ಬೆಲೆ ಲಾಫ್ಲಿನ್‌ಗಿಂತ ಸ್ವಲ್ಪ ಮೇಲು, ಊರು ನಿಜವಾದ ಊರು. ವಿಶ್ವವಿದ್ಯಾಲಯ ಇದೆ, ಒಳ್ಳೆಯ ಊಟ ಇದೆ, ಮುಕ್ಕಾಲು ಗಂಟೆ ದೂರದಲ್ಲಿ ಟಾಹೊ ಸರೋವರ ಇದೆ. ಜೂಜಾಡದ ಹೆಂಡತಿಯೋ ಗಂಡನೋ ಜೊತೆಗಿದ್ದರೆ ರೀನೋದಷ್ಟು ಜಗಳವಿಲ್ಲದ ಊರು ಬೇರೆ ಇಲ್ಲ.

ಅಡ್ಡಿ ಇರುವುದು ದಾರಿಯಲ್ಲಿ. ಚಳಿಗಾಲದಲ್ಲಿ ಐ-80 ಹೆದ್ದಾರಿಯ ಡಾನರ್ ಘಾಟಿ ಹಿಮಕ್ಕೆ ಮುಚ್ಚುವುದುಂಟು, ಟೈರಿಗೆ ಚೈನ್ ಇಲ್ಲದಿದ್ದರೆ ವಾಪಸ್ ಕಳಿಸುತ್ತಾರೆ. ಇಷ್ಟು ದೂರ ಯಾಕೆ, ಹತ್ತಿರದಲ್ಲೇ ಕ್ಯಾಲಿಫೋರ್ನಿಯಾದ ಕ್ಯಾಶ್ ಕ್ರೀಕ್, ಥಂಡರ್ ವ್ಯಾಲಿ ಕ್ಯಾಸಿನೊಗಳು ಇವೆಯಲ್ಲ ಅಂತ ಕೇಳುವವರಿದ್ದಾರೆ. ಬ್ಲ್ಯಾಕ್‌ಜಾಕ್‌ಗೆ ಸರಿ. ಆದರೆ ಕ್ಯಾಲಿಫೋರ್ನಿಯಾ ಕಾನೂನಿನ ಕಟ್ಟಿನಿಂದಾಗಿ ಅಲ್ಲಿನ ಬುಡಕಟ್ಟು ಕ್ಯಾಸಿನೊಗಳಲ್ಲಿ (ಮೂಲನಿವಾಸಿ ಬುಡಕಟ್ಟುಗಳು ನಡೆಸುವವು) ಕ್ರ್ಯಾಪ್ಸ್, ರೂಲೆಟ್ ಫಲಿತಾಂಶವನ್ನು ಕಾರ್ಡುಗಳಿಂದ ತೀರ್ಮಾನಿಸುತ್ತಾರೆ. ಎಸೆದ ದಾಳವೇ ಗೆಲುವು ಸೋಲು ತೀರ್ಮಾನಿಸುವ ಖುಷಿಗೆ ಬೇ ಏರಿಯಾದವರು ನೆವಾಡಕ್ಕೇ ಹೋಗಬೇಕು. ಅರಿಜೋನಾದಲ್ಲಿ ರಾಜ್ಯಕ್ಕೂ ಬುಡಕಟ್ಟುಗಳಿಗೂ ಆದ 2021ರ ಒಪ್ಪಂದದ ನಂತರ ಅವರ ಕ್ಯಾಸಿನೊಗಳಿಗೆ ಕ್ರ್ಯಾಪ್ಸ್ ರೂಲೆಟ್ ಬಂದಿವೆ. ಫೀನಿಕ್ಸ್‌ನವರು ಒಂದು ಸಂಜೆ ಆಡುವುದಕ್ಕಷ್ಟೇ ಲಾಫ್ಲಿನ್‌ವರೆಗೆ ಬರುವ ಅಗತ್ಯ ಈಗಿಲ್ಲ. ಎರಡು ಮೂರು ರಾತ್ರಿ ಇರುವುದಾದರೆ ಬನ್ನಿ.

ಗಡಿಗೆ ಅಂಟಿಕೊಂಡ ಊರುಗಳು

ವೆಸ್ಟ್ ವೆಂಡೋವರ್ ಹುಟ್ಟಿರುವುದೇ ಯೂಟಾದವರಿಗಾಗಿ. ಯೂಟಾದಲ್ಲಿ ಲಾಟರಿ ಕೂಡ ಇಲ್ಲ, ಸಾಲ್ಟ್ ಲೇಕ್ ಸಿಟಿಯಿಂದ 190 ಕಿಲೋಮೀಟರ್ ಉಪ್ಪಿನ ಬಯಲು ದಾಟಿ ಗಡಿಗೆ ಬಂದರೆ ನಾಲ್ಕೈದು ಕ್ಯಾಸಿನೊ. ಸಾಲ್ಟ್ ಲೇಕ್‌ನಲ್ಲಿ ಇರುವವರಿಗೆ ಒಂದು ರಾತ್ರಿಗೆ ಸಾಕು, ಬೇರೆ ಕಡೆಯಿಂದ ಹುಡುಕಿಕೊಂಡು ಹೋಗುವ ಊರಲ್ಲ. ಜಾಕ್‌ಪಾಟ್ ಅನ್ನುವ ಹೆಸರಿನ ಊರೇ ಒಂದಿದೆ, ಐಡಹೊ ಗಡಿಯಲ್ಲಿ. 1954ರಲ್ಲಿ ಐಡಹೊ ಸ್ಲಾಟ್ ಮೆಷಿನ್ ನಿಲ್ಲಿಸಿದ ಮೇಲೆ ಮೆಷಿನ್‌ನವರೆಲ್ಲ ಗೆರೆ ದಾಟಿ ಈಚೆ ಬಂದು ಕೂತದ್ದು ಊರಾಯಿತು. ಫೋಟೋ ಒಂದಕ್ಕೆ ಚೆಂದ. ಮೆಸ್ಕೀಟ್ ವೇಗಸ್‌ನಿಂದ ಈಶಾನ್ಯಕ್ಕೆ 130 ಕಿಲೋಮೀಟರ್. ಲಾಫ್ಲಿನ್‌ಗಿಂತಲೂ ಶಾಂತ, ಗಾಲ್ಫ್ ಆಡುವವರ ಊರು. ಝಯಾನ್ ಉದ್ಯಾನಕ್ಕೆ ಹೋಗುವ ದಾರಿಯಲ್ಲಿ ಒಂದು ರಾತ್ರಿ ತಂಗುವುದಾದರೆ ಒಳ್ಳೆಯ ಆಯ್ಕೆ.

ಅಪ್ಪ ಅಮ್ಮ ಊರಿಂದ ಬಂದಿದ್ದರೆ

ಪ್ರವಾಸಿ ವೀಸಾದಲ್ಲಿ ಬಂದವರಿಗೆ ತೆರಿಗೆಯ ವಿಷಯ ಬೇರೆ. ಅಮ್ಮ ಸುಮ್ಮನೆ ಒತ್ತಿದ ಸ್ಲಾಟ್‌ನಲ್ಲಿ ದೊಡ್ಡ ಜಾಕ್‌ಪಾಟ್ ಬಿದ್ದರೆ ಮೆಷಿನ್ ಅಲ್ಲೇ ನಿಲ್ಲುತ್ತದೆ, ಕ್ಯಾಸಿನೊದವರು ಪಾಸ್‌ಪೋರ್ಟ್ ಕೇಳುತ್ತಾರೆ, ಶೇ. 30 ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ಜಪಾನ್, ಬ್ರಿಟನ್‌ನಂಥ ದೇಶದವರಿಗೆ ತೆರಿಗೆ ಒಪ್ಪಂದದ ವಿನಾಯಿತಿ ಇದೆ, ಭಾರತದವರಿಗಿಲ್ಲ. ಅದೇ ಅಮ್ಮ ಬ್ಲ್ಯಾಕ್‌ಜಾಕ್, ರೂಲೆಟ್, ಕ್ರ್ಯಾಪ್ಸ್, ಬಕಾರಾ ಮೇಜಿನಲ್ಲಿ ಗೆದ್ದರೆ ಈ ಹಿಡಿತ ಇಲ್ಲ, ವಿದೇಶಿಯರಿಗೆ ಆ ಆಟಗಳನ್ನು ಕಾನೂನೇ ಬಿಟ್ಟುಕೊಟ್ಟಿದೆ. ವರ್ಷಗಳಿಂದ ಇಲ್ಲೇ ಕೆಲಸದಲ್ಲಿದ್ದು ತೆರಿಗೆ ಲೆಕ್ಕಕ್ಕೆ ನಿವಾಸಿಯಾದವರಿಗೆ, ಎಚ್-1ಬಿ ಆದರೂ ಸರಿ, ಅಮೆರಿಕದವರ ನಿಯಮವೇ ಅನ್ವಯ. ಗೆದ್ದದ್ದೆಲ್ಲ ಆದಾಯ, ಸೋತದ್ದನ್ನು ಕಳೆಯಲು ಷರತ್ತುಗಳುಂಟು. 21 ತುಂಬದ ಮಕ್ಕಳು ಆಟದ ಜಾಗದಲ್ಲಿ ನಿಲ್ಲುವ ಹಾಗಿಲ್ಲ, ದಾಟಿಕೊಂಡು ಹೋಗಬಹುದು ಅಷ್ಟೆ.

ಹಿರಿಯರಿಗೆ ಲಾಫ್ಲಿನ್ ಇಷ್ಟವಾಗುತ್ತದೆ ಅನ್ನುವುದು ನನ್ನ ಅನುಭವ. ನಡೆಯುವುದು ಕಡಿಮೆ, ನದಿ ಎದುರಿಗೇ, ರಿವರ್‌ಸೈಡ್‌ನಲ್ಲಿ ಡಾನ್ ಲಾಫ್ಲಿನ್ ಕೂಡಿಹಾಕಿದ ಹಳೆಯ ಕಾರುಗಳಿವೆ, ಸಿನಿಮಾ ಇದೆ. ಬೆಳಿಗ್ಗೆ ಓಟ್‌ಮನ್‌ಗೆ ಕರೆದುಕೊಂಡು ಹೋಗಿ. ಅರಿಜೋನಾ ಕಡೆ, ಹಳೆಯ ರೂಟ್ 66ರ ಮೇಲಿನ ಚಿನ್ನದ ಗಣಿಯ ಊರು. ಗಣಿ ಕೆಲಸದವರು ಬಿಟ್ಟುಹೋದ ಕತ್ತೆಗಳ ಸಂತತಿ ಅಲ್ಲಿ ರಸ್ತೆ ತುಂಬ ಓಡಾಡಿಕೊಂಡಿರುತ್ತದೆ, ಕಾರಿನ ಕಿಟಕಿಗೇ ಮೂತಿ ಇಡುತ್ತವೆ.

ಹೊರಡುವ ಮೊದಲು

ನಾನು ಆರಿಸುವುದು ಹೀಗೆ. ಕೈಯಲ್ಲಿ 500 ಡಾಲರ್ ಇದೆ, ಎರಡು ಮೂರು ದಿನ ನಿಧಾನವಾಗಿ 10 ಡಾಲರ್ ಮೇಜಿನಲ್ಲಿ ಕೂರಬೇಕು, ದಕ್ಷಿಣ ಕ್ಯಾಲಿಫೋರ್ನಿಯಾ ಅಥವಾ ಅರಿಜೋನಾದಿಂದ ಹೊರಟಿದ್ದೇನೆ, ಹಾಗಾದರೆ ಲಾಫ್ಲಿನ್. ವಿಡಿಯೋ ಪೋಕರ್ ಅಥವಾ ಪೋಕರ್ ಗಂಭೀರವಾಗಿ ಆಡಬೇಕು ಅಂದರೆ ವೇಗಸ್‌ನ ಸ್ಥಳೀಯ ಕ್ಯಾಸಿನೊ. ಅಮೆರಿಕಕ್ಕೆ ಮೊದಲ ಸಲ ಬಂದವರಿಗೆ ಸ್ಟ್ರಿಪ್ ತೋರಿಸದೆ ಲಾಫ್ಲಿನ್‌ಗೆ ಕರೆದುಕೊಂಡು ಹೋದರೆ ಜನ್ಮವಿಡೀ ಮಾತು ಕೇಳಬೇಕಾಗುತ್ತದೆ, ಅವರಿಗೆ ಸ್ಟ್ರಿಪ್ಪೇ ಸರಿ, ಆಡುವುದನ್ನು ಮಾತ್ರ ಬೇರೆ ಕಡೆ ಇಟ್ಟುಕೊಳ್ಳಿ. ಉತ್ತರದವರಿಗೆ ರೀನೋ.

ಫೀನಿಕ್ಸ್‌ನಿಂದ ಲಾಫ್ಲಿನ್‌ಗೆ ಹೆಚ್ಚುಕಡಿಮೆ ನಾಲ್ಕು ಗಂಟೆ. ಕಿಂಗ್‌ಮನ್‌ನಲ್ಲಿ ಪೆಟ್ರೋಲ್ ತುಂಬಿಸಿ 68ನೇ ರಸ್ತೆ ಹಿಡಿಯಿರಿ, ಕೊನೆಗೆ ನದಿಗೆ ಇಳಿಯುವ ಇಳಿಜಾರು ಕಡಿದು, ರಾತ್ರಿ ಗೇರ್ ಇಳಿಸಿಯೇ ಬನ್ನಿ. ವೇಗಸ್ ಕಡೆಯಿಂದ 163ನೇ ರಸ್ತೆಯ ಇಳುಕಲೂ ಅಷ್ಟೇ. ಅರಿಜೋನಾದವರು ಬೇಸಿಗೆಗೆ ಗಡಿಯಾರ ಮುಂದೆ ಹಾಕುವುದಿಲ್ಲ, ನೆವಾಡದವರು ಹಾಕುತ್ತಾರೆ. ಹಾಗಾಗಿ ಬೇಸಿಗೆಯಲ್ಲಿ ಸೇತುವೆಯ ಎರಡೂ ಕಡೆ ಒಂದೇ ಸಮಯ, ಚಳಿಗಾಲದಲ್ಲಿ ಬುಲ್‌ಹೆಡ್ ಸಿಟಿ ಒಂದು ಗಂಟೆ ಮುಂದೆ. ಆಚೆ ದಡದಲ್ಲಿ ಅಗ್ಗದ ಮೋಟೆಲ್ ಹಿಡಿದವರು ಚೆಕ್‌ಔಟ್ ಸಮಯವನ್ನು ಅರಿಜೋನಾ ಗಡಿಯಾರದಲ್ಲಿ ನೋಡಿಕೊಳ್ಳಿ.